ತರಗತಿಯೊಳಗಿನ ಕವಿ: ಮೂಗೂರು ಸೀಮೆಯ ಪ್ರಾಥಮಿಕ ಶಾಲೆ ಮತ್ತು ಮಕ್ಕಳ ಸಾಹಿತ್ಯ

ದಾನಿಯೊಬ್ಬರು ತಮ್ಮ ಹಿರಿಯರ ಇಲ್ಲವೇ ಪ್ರಿಯರ ಹೆಸರಿನಲ್ಲಿ ಒಂದು ಮೊತ್ತವನ್ನು ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಯಲ್ಲಿ ಇಡುಗಂಟಾಗಿ ಇರಿಸಿ, ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಗೊತ್ತಾದ ವಿಷಯದ ಮೇಲೆ ಮಾತು ನಡೆಯುವಂತೆ ಮಾಡುವ ಏರ್ಪಾಡಿಗೆ ದತ್ತಿ ಉಪನ್ಯಾಸವೆಂದು ಹೆಸರು. 1915ರಲ್ಲಿ ಸ್ಥಾಪನೆಯಾದ ಪರಿಷತ್ತು ಮುಂದೆ ಜಿಲ್ಲೆ, ತಾಲ್ಲೂಕು, ಹೋಬಳಿಗಳ ಘಟಕಗಳಾಗಿ ಹರಡಿಕೊಂಡ ಮೇಲೆ ಇಂಥ ಉಪನ್ಯಾಸಗಳು ಹೆಚ್ಚಾಗಿ ಶಾಲೆ ಕಾಲೇಜುಗಳಲ್ಲೇ ನಡೆಯುತ್ತ ಬಂದಿವೆ; ಕೇಳುಗರು ಅಲ್ಲಿ ಸಿದ್ಧವಾಗಿ ಕೂತಿರುತ್ತಾರೆ ಎಂಬುದೂ ಅದಕ್ಕೊಂದು ಕಾರಣವೆಂದು ಒಪ್ಪಿಕೊಳ್ಳಬೇಕು. ಹಾಗಾಗಿ ತಿ. ನರಸೀಪುರ ತಾಲ್ಲೂಕಿನ ಮೂಗೂರು, ಅದರ ಪಕ್ಕದ ನಂಜನಗೂಡು ಸೀಮೆಯಂಥ ಕಡೆ ಹಳ್ಳಿಯ ಹುಡುಗ ಹುಡುಗಿಯರು ಜೀವಂತ ಸಾಹಿತಿಯೊಬ್ಬರನ್ನು ಮೊದಲ ಸಲ ಕಾಣುವುದು ಬಹುಮಟ್ಟಿಗೆ ಇಂಥ ಸಭೆಯಲ್ಲಿಯೇ. ಅದು ನಡೆಯುವ ರೀತಿ ಯಾವುದು, ಅದಕ್ಕೆ ಹಿಂದಿದ್ದ ರೀತಿ ಯಾವುದು, ಮಕ್ಕಳಿಗಾಗಿ ಬರೆಯುವವರು ಪ್ರಾಥಮಿಕ ಶಾಲೆಯೊಳಕ್ಕೆ ಯಾವ ಬಾಗಿಲಿನಿಂದ ಬರಬೇಕು ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ.

ಕನ್ನಡದ ಮಕ್ಕಳ ಪದ್ಯವನ್ನು ಯಾರೋ ಹೊರಗೆ ಬರೆದು ಶಾಲೆಗೆ ತಂದುಕೊಟ್ಟದ್ದಲ್ಲ. ಅದರ ಬಹುಭಾಗ ಹುಟ್ಟಿದ್ದೇ ತರಗತಿಯಲ್ಲಿ, ಮಕ್ಕಳ ಮುಂದೆ ನಿಂತು ಪಾಠ ಹೇಳಲೇಬೇಕಾಗಿದ್ದವರ ಕೈಯಲ್ಲಿ. ಅದನ್ನು ಬರೆದವರಲ್ಲಿ ಹೆಚ್ಚಿನವರು ಉಪಾಧ್ಯಾಯರು, ಶಾಲಾ ತನಿಖಾಧಿಕಾರಿಗಳು, ವಾಚಕ ಪುಸ್ತಕ ರಚಿಸಿದವರು. ಈ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ, ಕವಿ ಮುಖ್ಯ ಅತಿಥಿಯಾಗಿ ವೇದಿಕೆಯ ಮೇಲೆ ಕುಳಿತು ಶಾಲು ಹಾರ ಸ್ವೀಕರಿಸಿ ಹೊರಡುವ ಇಂದಿನ ಪದ್ಧತಿ ಈಚೆಗೆ ಬಂದದ್ದೆಂದು ತಿಳಿಯುತ್ತದೆ. ಅದು ಮಕ್ಕಳ ಸಾಹಿತ್ಯದ ಸ್ವಭಾವಕ್ಕೆ ಹೊಂದುವುದೂ ಇಲ್ಲ.

ಮೂಗೂರಿನ ಸುತ್ತಿನ ಊರುಗಳಿಗೆ ಕವಿಯ ಆಗಮನ ಹೊಸದಲ್ಲ, ಶಾಲೆಯೇ ಹೊಸದು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯರ ಒಕ್ಕಲಾದ ನೀಲಗಾರರು ತಂಬೂರಿ, ಡಮ್ಮಡಿ, ಗಗ್ಗರಗಳೊಂದಿಗೆ ಮನೆಯಂಗಳಕ್ಕೆ ಬಂದು ರಾತ್ರಿಯಿಡೀ ಕಾವ್ಯ ಹಾಡುವುದು, ಮಲೆಯ ಮಾದೇಶ್ವರನ ದೇವರಗುಡ್ಡರು ಕಂಸಾಳೆ ಹಿಡಿದು ಅವನ ಪವಾಡಗಳನ್ನು ಹಾಡುವುದು ತಿ. ನರಸೀಪುರ, ನಂಜನಗೂಡು, ಚಾಮರಾಜನಗರ, ಕೊಳ್ಳೇಗಾಲದ ಸೀಮೆಯಲ್ಲಿ ಇಂದಿಗೂ ಉಳಿದುಬಂದಿದೆ. ಕಂಸಾಳೆಯೆಂದರೆ ಬಟ್ಟಲಿನಾಕಾರದ ಒಂದು ಕಂಚಿನ ತಾಳವನ್ನೂ ಚಪ್ಪಟೆಯಾದ ಇನ್ನೊಂದನ್ನೂ ಬಡಿದು ನುಡಿಸುವ ವಾದ್ಯ. ಹಾಡಿನ ಒಂದೊಂದು ದೊಡ್ಡ ಕಥಾಭಾಗಕ್ಕೆ ‘ಸಾಲು’ ಎಂಬ ಹೆಸರಿದೆ, ಸಂಕಮ್ಮನ ಸಾಲು ಎಂದರೆ ಈ ಭಾಗದಲ್ಲಿ ತಿಳಿಯದವರು ವಿರಳ. ಈ ಹಾಡುಗಾರಿಕೆಯಲ್ಲಿ ಮುಮ್ಮೇಳದವರು ಕಥೆ ನಡೆಸಿದರೆ ಹಿಮ್ಮೇಳದವರು ಸೊಲ್ಲನ್ನು ಹಿಡಿದು ತಿರುಗಿ ಹಾಡುತ್ತಾರೆ, ಎಳೆಯ ಹುಡುಗನೊಬ್ಬ ಕಲಿಯುವುದು ಆ ಹಿಮ್ಮೇಳದಲ್ಲಿ ಕೂತು, ತಪ್ಪುತ್ತ, ತೂಕಡಿಸುತ್ತ. ಸಿದ್ದಪ್ಪಾಜಿಯ ಕಥೆಯೇ ಮಗನೊಬ್ಬನ ಕಥೆ: ನಿಡುಘಟ್ಟದ ಕೆಂಪಾಚಾರಿ ಎಂಬ ಹುಡುಗನನ್ನು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಬೇಡಿ ಪಡೆಯುವುದು, ಆ ಹುಡುಗ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುವುದು, ಅಲ್ಲಿ ಒದಗುವ ಒಂದೊಂದು ಪರೀಕ್ಷೆಯನ್ನೂ ಗೆಲ್ಲುವುದು ಮಕ್ಕಳ ಮನಸ್ಸನ್ನು ಹಿಡಿದು ನಿಲ್ಲಿಸಬಲ್ಲ ಸಂಗತಿಗಳು. ಮಕ್ಕಳಿಗೆಂದು ಪ್ರತ್ಯೇಕವಾಗಿ ರಚಿಸದ ಕಾವ್ಯವಾದರೂ ಅದನ್ನು ಕೇಳುವವರ ಮೊದಲ ಸಾಲಿನಲ್ಲಿ ಯಾವಾಗಲೂ ಮಕ್ಕಳೇ ಇದ್ದರು ಎಂಬುದನ್ನು ಮರೆಯಲಾಗದು.

ಮೂಗೂರಿಗೆ ಇನ್ನೊಂದು ಪರಂಪರೆಯೂ ಉಂಟು. ತ್ರಿಪುರಸುಂದರಿ ಅಮ್ಮನವರ ದೇವಾಲಯದ ಈ ಊರು ಮೈಸೂರು ಶೈಲಿಯ ಭರತನಾಟ್ಯದ ಒಂದು ಮುಖ್ಯ ನೆಲೆ; ಮೂಗೂರು ಜೇಜಮ್ಮನವರ ಹೆಸರು ಆ ಶೈಲಿಯ ಅಭಿನಯದ ಚರಿತ್ರೆಯಲ್ಲಿ ಸೇರಿಕೊಂಡಿದೆ, ಚಲನಚಿತ್ರ ನೃತ್ಯ ನಿರ್ದೇಶಕರಾದ ಮೂಗೂರು ಸುಂದರ್ ಅವರು ಊರಿನ ಹೆಸರನ್ನು ಬೇರೆಯೇ ಲೋಕಕ್ಕೆ ಒಯ್ದರು. ಕಲಿಸುವವರ ಎದುರಿಗೆ ಕೂತು, ಅವರ ಕಣ್ಣು ಕೈ ನೋಡಿ ಕಲಿಯುವ ಈ ವಿದ್ಯೆಗೂ ನೀಲಗಾರರ ಹಿಮ್ಮೇಳಕ್ಕೂ ಇರುವ ಹೋಲಿಕೆ ಎದ್ದುಕಾಣುವಂಥದ್ದು. ಜಾತಿ ಸಮಾಜದ ಕಟ್ಟುಗಳು ಎರಡು ಕಡೆಯೂ ಬಿಗಿಯಾಗಿದ್ದವು, ಯಾವ ಮಗು ಎಲ್ಲಿ ಕೂರಬಹುದೆಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು. ಎಲ್ಲ ಮಕ್ಕಳನ್ನೂ ಒಂದೇ ಜಮಖಾನದ ಮೇಲೆ ಕೂರಿಸುವ ಸಾಧ್ಯತೆಯನ್ನು ತಂದದ್ದು ಸರ್ಕಾರಿ ಶಾಲೆ. ಆ ಲಾಭದ ಜೊತೆಯಲ್ಲಿ ಒಂದು ನಷ್ಟವೂ ಆಯಿತು. ಪದ್ಯವು ಹಾಡುವವರ ಬಾಯಿಂದ ಪುಸ್ತಕದ ಪುಟಕ್ಕೆ ಹೋಯಿತು, ಬರೆದವರು ಯಾರು ಎಂಬುದು ಪುಟದ ಕೆಳಗಿನ ಒಂದು ಹೆಸರಾಗಿ ಉಳಿಯಿತು.

ಈ ನಷ್ಟವನ್ನು ಮೊದಲು ಗುರುತಿಸಿ ಅದಕ್ಕೆ ಮದ್ದು ಹುಡುಕಿದವರಲ್ಲಿ ಪಂಜೆ ಮಂಗೇಶರಾಯರು ಪ್ರಮುಖರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಪಂಜೆಯವರು ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದು, ಬಳಿಕ ಆಗಿನ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿ, ಉಪಾಧ್ಯಾಯರ ತರಬೇತಿ ಶಾಲೆಯ ಶಿಕ್ಷಕರಾಗಿ, ಮುಂದೆ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ದುಡಿದವರು. ಇನ್‌ಸ್ಪೆಕ್ಟರ್ ಎಂದರೆ ಆ ಕಾಲಕ್ಕೆ ಸಾಮಾನ್ಯ ಅಧಿಕಾರಿಯಲ್ಲ. ಶಾಲೆಯ ಅನುದಾನ, ಉಪಾಧ್ಯಾಯರ ಬಡ್ತಿ, ಮಕ್ಕಳ ತೇರ್ಗಡೆ ಎಲ್ಲವೂ ಆತನ ವರದಿಯ ಮೇಲೆ ನಿಂತಿದ್ದುದರಿಂದ ಅವನ ಬರವು ಹಳ್ಳಿಯ ಶಾಲೆಗೆ ಹಬ್ಬಕ್ಕಿಂತ ಹೆಚ್ಚಾಗಿ ಭಯವನ್ನು ತರುತ್ತಿತ್ತು. ಅಂಥ ಹುದ್ದೆಯಲ್ಲಿದ್ದ ಒಬ್ಬರು ಮಕ್ಕಳಿಗೆ ಕತೆ ಹೇಳುವ, ಕುಣಿಸಿ ಹಾಡಿಸುವ ಅತಿಥಿಯಾಗಿ ಶಾಲೆ ಶಾಲೆ ಸುತ್ತಿದರು ಎಂಬುದು ಕನ್ನಡ ಶಿಕ್ಷಣದ ಚರಿತ್ರೆಯ ಒಂದು ಒಳ್ಳೆಯ ವಿಪರ್ಯಾಸ. ಅವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು, ಮಕ್ಕಳಿಗಾಗಿ ಪುಸ್ತಕಗಳನ್ನು ಹೊರತರಲು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟುವುದರಲ್ಲಿ ಮುಂದಾದರು, 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1937ರಲ್ಲಿ ತೀರಿಕೊಂಡರು.

ಪಂಜೆಯವರ ಕಥೆಗಳ ರಚನೆಯನ್ನು ಗಮನಿಸಿದರೆ ತರಗತಿಯ ಅನುಭವ ಅವುಗಳೊಳಗೆ ಹೇಗೆ ಹಾಸುಹೊಕ್ಕಾಗಿದೆ ಎಂಬುದು ತಿಳಿಯುತ್ತದೆ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬುದು ಸರಪಳಿ ಕಥೆ, ಅಂದರೆ ಒಂದು ಪ್ರಶ್ನೆಗೆ ಬಂದ ಉತ್ತರವೇ ಮತ್ತೊಂದು ಪ್ರಶ್ನೆಯಾಗಿ, ಪ್ರತಿ ಸುತ್ತಿಗೂ ಹೊಸ ಪಾತ್ರವೊಂದು ಸೇರುತ್ತ, ಹಳೆಯ ಮಾತು ಮರುಕಳಿಸುತ್ತ ಸಾಗುವ ಬಗೆ. ಹೇಳುವವರು ಎರಡನೆಯ ಸುತ್ತಿಗೆ ಬರುವ ಹೊತ್ತಿಗೆ ಕೇಳುವ ಮಗುವಿಗೆ ಮುಂದಿನ ಪ್ರಶ್ನೆ ಯಾವುದೆಂದು ಗೊತ್ತಾಗಿಬಿಡುತ್ತದೆ, ನಾಲ್ಕನೆಯ ಸುತ್ತಿಗೆ ಇಡೀ ತರಗತಿ ಹೇಳುವವರಿಗಿಂತ ಮೊದಲೇ ಕೂಗುತ್ತದೆ. ಇದು ಮುಮ್ಮೇಳ ಹಿಮ್ಮೇಳಗಳ ಪದ್ಧತಿಯೇ ಹೊರತು ಬೇರೆಯಲ್ಲ. ಕರಾವಳಿಯ ಸಿಗಡಿಯನ್ನು ಕಣ್ಣಿಂದ ಕಾಣದ ಮೂಗೂರಿನ ಮಗು ಕೂಡ ಆ ಕಥೆಯಲ್ಲಿ ತೊಡಕಿಲ್ಲದೆ ಸೇರಿಕೊಳ್ಳಬಲ್ಲದಾದರೆ ಅದಕ್ಕೆ ಕಾರಣ ಈ ಕಟ್ಟು. ಇಂಗ್ಲಿಷಿನಿಂದ ಬಂದ ‘ಮೂರು ಕರಡಿಗಳು’ ಕಥೆಯನ್ನು ಕನ್ನಡಕ್ಕೆ ಒಗ್ಗಿಸುವಾಗಲೂ ಪಂಜೆಯವರು ಹಿಡಿದದ್ದು ಕಿವಿಯನ್ನೇ. ಮಕ್ಕಳ ಎದುರಿಗೆ ಹೇಳಿ ನೋಡದೆ ಬರೆದಿದ್ದರೆ ಇಂಥ ಹಿಡಿತ ಒದಗುತ್ತಿತ್ತೆಂದು ನಂಬುವುದು ಕಷ್ಟ.

ಜಿ. ಪಿ. ರಾಜರತ್ನಂ ಅವರ ಸಂಗತಿ ಇದಕ್ಕಿಂತ ಸ್ಪಷ್ಟವಾದದ್ದು. ಉಪಾಧ್ಯಾಯರ ಮಗನಾದ ಅವರು ಎಂ. ಎ. ಮುಗಿಸಿದ ಹೊಸತರಲ್ಲಿ ಶಿಶುವಿಹಾರದಲ್ಲಿಯೂ ತಂದೆಯವರ ಮಾಧ್ಯಮಿಕ ಶಾಲೆಯ ತರಗತಿಗಳಲ್ಲಿಯೂ ಪಾಠ ಹೇಳಬೇಕಾಗಿ ಬಂದಾಗ, ಪಠ್ಯದಲ್ಲಿದ್ದ ಪದ್ಯಗಳು ಮಕ್ಕಳ ನಾಲಗೆಗೆ ಒಗ್ಗದಿರುವುದನ್ನು ಕಂಡು ತಾವೇ ಬರೆಯತೊಡಗಿದರು. ‘ತುತ್ತೂರಿ’ ಎಂಬ ಸಂಗ್ರಹ ಹಾಗೆ ಬಂತು. ರತ್ನನ ಪದಗಳ ಕವಿಯೆಂದು ದೊಡ್ಡವರು ಕೊಂಡಾಡಿದರೂ, 1978ರ ದೆಹಲಿ ಸಮ್ಮೇಳನದ ಅಧ್ಯಕ್ಷತೆಯವರೆಗೆ ಗೌರವಗಳು ಬಂದರೂ, ನಾಡಿನ ಮೂರು ತಲೆಮಾರು ಅವರನ್ನು ಮೊದಲು ಬಲ್ಲದ್ದು ಒಂದನೆಯ ತರಗತಿಯ ಕವಿಯಾಗಿ. ಅವರ ಪದ್ಯಗಳ ಲಯವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಕನ್ನಡ ಛಂದಸ್ಸಿನಲ್ಲಿ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ ಎಂದು ಕಾಲವನ್ನು ಅಳೆಯುತ್ತಾರೆ. ಮಕ್ಕಳ ಪದ್ಯಗಳಲ್ಲಿ ನಾಲ್ಕು ಮಾತ್ರೆಗಳ ಗಣ, ಎಂದರೆ ನಾಲ್ಕು ಎಣಿಕೆಯ ತುಂಡು, ಮತ್ತೆ ಮತ್ತೆ ಬರುತ್ತದೆ. ನಾಲ್ಕರ ನಡೆ ಚಪ್ಪಾಳೆಗೂ ಹೆಜ್ಜೆಗೂ ಸರಿಯಾಗಿ ಹೊಂದುತ್ತದೆ. ಅರ್ಥ ತಿಳಿಯುವ ಮುನ್ನವೇ ಮಗು ಪದ್ಯವನ್ನು ಮೈಯಲ್ಲಿ ಹಿಡಿಯುವುದು ಈ ನಡೆಯಿಂದ.

ಮಕ್ಕಳ ಸಾಹಿತ್ಯ ಶಾಲೆಯೊಡನೆಯೇ ಬೆಳೆಯಿತೆಂಬ ಮಾತು ಬೇರೆ ಕಡೆಗಳಲ್ಲೂ ನಿಜವಾಗಿದೆ. ಗಡಿಯಾಚೆಯ ಕಾಸರಗೋಡಿನಲ್ಲಿ ಉಪಾಧ್ಯಾಯರಾಗಿದ್ದ ಕಯ್ಯಾರ ಕಿಞ್ಞಣ್ಣ ರೈ ಶಾಲಾ ಮಕ್ಕಳಿಗೆ ವಾಚನಮಾಲೆಯನ್ನು ರಚಿಸಿದರು. ವಿಜಯಪುರದ ಶಿಶು ಸಂಗಮೇಶ ಮಕ್ಕಳ ಸಾಹಿತ್ಯಕ್ಕಾಗಿಯೇ ಬದುಕನ್ನು ಮುಡಿಪಿಟ್ಟರು. ಉತ್ತರ ಕನ್ನಡದ ದಿನಕರ ದೇಸಾಯಿ ಮಕ್ಕಳ ಗೀತೆಗಳನ್ನು ಬರೆದದ್ದಲ್ಲದೆ ಕೆನರಾ ವೆಲ್‌ಫೇರ್ ಟ್ರಸ್ಟಿನ ಮೂಲಕ ಶಾಲೆಗಳನ್ನೇ ಕಟ್ಟಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ನಡೆಸಿ, 1930ರ ದಶಕದಲ್ಲಿ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವನ್ನು ಒಬ್ಬರೇ ಹೊರತಂದರು. ಕನ್ನಡದ ಹೊರಗೆ ನೋಡಿದರೆ ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದದ್ದೂ, ಗುಜರಾತಿನ ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ದಲ್ಲಿ ಕತೆ ಹೇಳುವುದರಿಂದಲೇ ಪಾಠ ಆರಂಭಿಸುವ ಉಪಾಧ್ಯಾಯನನ್ನು ಚಿತ್ರಿಸಿದ್ದೂ ಇದೇ ಸಾಲಿಗೆ ಸೇರುತ್ತವೆ.

ನಂಜನಗೂಡಿಗೆ ಸಂಬಂಧಿಸಿದಂತೆ ತಿರುಮಲಾಂಬ ಅವರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ, ಬರೆಯುವುದನ್ನೂ ಪ್ರಕಟಿಸುವುದನ್ನೂ ಪತ್ರಿಕೆ ನಡೆಸುವುದನ್ನೂ ತಾವೇ ಹೊತ್ತುಕೊಂಡ ಈ ಲೇಖಕಿ ನೆರೆಹೊರೆಯ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಅಕ್ಷರ ಕಲಿಸಿದವರು. ಲೇಖಕರು ಶಾಲೆಗೆ ಹೋಗುವುದಕ್ಕೆ ಬದಲಾಗಿ ಲೇಖಕಿಯ ಮನೆಯೇ ಶಾಲೆಯಾದ ಉದಾಹರಣೆ ಇದು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಬೇರೆ ದಾರಿಯೂ ಇರಲಿಲ್ಲ. ನಂಜನಗೂಡಿನ ಶಾಲೆಗಳಲ್ಲಿ ಇಂದು ಓದುತ್ತಿರುವ ಎಷ್ಟು ಹುಡುಗಿಯರಿಗೆ ಈ ಹೆಸರು ಗೊತ್ತಿದೆಯೆಂದು ಕೇಳುವುದು ಅನಗತ್ಯ ಮುಜುಗರ.

ಹಾಗಾದರೆ ಒಳಗಿನವನಾಗಿದ್ದ ಕವಿ ಹೊರಗಿನ ಅತಿಥಿಯಾದದ್ದು ಹೇಗೆ? ಒಂದು ಕಾರಣ ಉಪನ್ಯಾಸ ಪದ್ಧತಿಯ ಯಶಸ್ಸೇ ಎಂದು ತೋರುತ್ತದೆ. ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಿಂದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅಧ್ಯಾಪಕರನ್ನು ಊರೂರಿಗೆ ಕಳಿಸಿ, ಆ ಮಾತುಗಳನ್ನು ಅಗ್ಗದ ಬೆಲೆಯ ಪುಸ್ತಿಕೆಗಳಾಗಿ ಅಚ್ಚುಹಾಕಿತು. ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ತಿಳಿಗನ್ನಡದಲ್ಲಿ ಹಳ್ಳಿಗೆ ಮುಟ್ಟಿಸಿದ ಆ ಪ್ರಯತ್ನದ ಬೆಲೆ ದೊಡ್ಡದು. ಆದರೆ ಅದು ವಯಸ್ಕರನ್ನು ಉದ್ದೇಶಿಸಿದ್ದು, ಒಬ್ಬರು ನಿಂತು ಮಾತಾಡಿ ಉಳಿದವರು ಕೂತು ಕೇಳುವ ಬಗೆಯದು. ಆ ಅಚ್ಚನ್ನೇ ಮುಂದೆ ಪ್ರಾಥಮಿಕ ಶಾಲೆಗೂ ಒತ್ತಲಾಯಿತು. ಇನ್ನೊಂದು ಕಾರಣ ಪಠ್ಯಪುಸ್ತಕ ರಾಜ್ಯವ್ಯಾಪಿಯಾಗಿ ಏಕರೂಪವಾದದ್ದು. ಊರಿನ ಉಪಾಧ್ಯಾಯರು ತಮ್ಮ ಮಕ್ಕಳಿಗೆಂದು ಪದ್ಯ ಕಟ್ಟಿದರೂ ಅದು ಪರೀಕ್ಷೆಗೆ ಬಾರದು, ಬಾರದ್ದಕ್ಕೆ ಹೊತ್ತು ಸಿಗದು. ಮೂರನೆಯದಾಗಿ ಬಂದದ್ದು ‘ಕವಿ ಪರಿಚಯ’. ಮೇಲಿನ ತರಗತಿಗಳ ಪಾಠದೊಂದಿಗೆ ಬರುವ ಆ ಚೌಕದಲ್ಲಿ ಹುಟ್ಟಿದ ವರ್ಷ, ಊರು, ಕೃತಿಗಳು, ಪ್ರಶಸ್ತಿಗಳು ಒಂದೇ ಉಸಿರಿನಲ್ಲಿ ಸಾಲುಗಟ್ಟುತ್ತವೆ. ಮಗು ಅದನ್ನು ಬಾಯಿಪಾಠ ಮಾಡಿ ಬರೆದು ಅಂಕ ಪಡೆಯುತ್ತದೆ, ಕವಿಗಳೆಂದರೆ ಎಂದೋ ಆಗಿಹೋದವರು ಎಂಬ ನಂಬಿಕೆಯೂ ಅದರ ಜೊತೆಗೇ ಬೇರೂರುತ್ತದೆ.

ಉಳಿದದ್ದು ನವೆಂಬರ್. ಒಂದನೆಯ ತಾರೀಖು ರಾಜ್ಯೋತ್ಸವ, ಹದಿನಾಲ್ಕು ಮಕ್ಕಳ ದಿನಾಚರಣೆ, ಅದರ ಹಿಂದೆಮುಂದೆ ಪ್ರತಿಭಾ ಕಾರಂಜಿಯ ಸ್ಪರ್ಧೆಗಳು, ಡಿಸೆಂಬರ್ ಹೊತ್ತಿಗೆ ಶಾಲಾ ವಾರ್ಷಿಕೋತ್ಸವ. ಸಾಹಿತಿಗಳಿಗೆ ಆಹ್ವಾನಗಳು ಈ ಕೆಲವು ವಾರಗಳಲ್ಲಿ ಗಿಡಿದು ತುಂಬಿಕೊಳ್ಳುತ್ತವೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾರಿಗೂ ಅವರ ನೆನಪಾಗದು. ಸಭೆಯ ಕ್ರಮವೂ ಗೊತ್ತಿದ್ದದ್ದೇ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರಿಂದ ಹಿಡಿದು ವೇದಿಕೆಯಲ್ಲಿರುವ ಪ್ರತಿಯೊಬ್ಬರ ಎರಡು ಮಾತು, ಕೊನೆಗೆ ಬಿಸಿಯೂಟದ ಗಂಟೆ ಹತ್ತಿರವಾದಾಗ ಕವಿಯ ಸರದಿ. ಬಿಸಿಲಿಗೆ ಕೂತ ಮಕ್ಕಳಿಗೆ ಆ ಹೊತ್ತಿಗೆ ಪದ್ಯಕ್ಕಿಂತ ಸಾಂಬಾರಿನ ವಾಸನೆ ಹೆಚ್ಚು ಹಿತವಾಗಿರುವುದು ಅವರ ತಪ್ಪಲ್ಲ. ಶಾಲೆಗೆ ಅಭಿಮಾನದಿಂದ ಬರುವ ಬರಹಗಾರರನ್ನಾಗಲಿ, ಗೌರವದಿಂದ ಕರೆಯುವ ಶಿಕ್ಷಕರನ್ನಾಗಲಿ ಇಲ್ಲಿ ದೂರಲಾಗದು. ಇಬ್ಬರಿಗೂ ಗೊತ್ತಿರುವ ಮರ್ಯಾದೆಯ ರೂಪ ಇದೊಂದೇ ಆಗಿಬಿಟ್ಟಿದೆ.

ಬೇರೆ ರೂಪವೊಂದು ಹೇಗಿರಬಹುದೆಂಬುದಕ್ಕೆ ದೂರದ ಒಂದು ಪ್ರಯೋಗ ಉಪಯುಕ್ತ. 1968ರಲ್ಲಿ ನ್ಯೂಯಾರ್ಕ್ ನಗರದ ಪಿ. ಎಸ್. 61 ಎಂಬ ಸರ್ಕಾರಿ ಪ್ರಾಥಮಿಕ ಶಾಲೆಗೆ ಕೆನೆತ್ ಕೋಕ್ ಎಂಬ ಕವಿ ಪಾಠ ಹೇಳಲು ಹೋಗತೊಡಗಿದರು. ತಮ್ಮ ಕವಿತೆಗಳನ್ನು ಓದಿ ಹೊರಡುವುದು ಅವರ ಉದ್ದೇಶವಾಗಿರಲಿಲ್ಲ. ಮೊದಲಿಗೆ ಅವರು ಇಡೀ ತರಗತಿ ಸೇರಿ ಒಂದೇ ಕವಿತೆ ಬರೆಯುವಂತೆ ಮಾಡಿದರು: ಪ್ರತಿ ಮಗುವೂ ಒಂದು ಸಾಲು ಬರೆಯಬೇಕು, ಅದು ತನ್ನೊಂದು ಆಸೆಯಿಂದ ಆರಂಭವಾಗಬೇಕು, ಅದರೊಳಗೆ ಒಂದು ಬಣ್ಣ, ಒಂದು ಊರು ಅಥವಾ ದೇಶ, ಚಿತ್ರಕಥೆಯ ಒಂದು ಪಾತ್ರ ಬರಬೇಕು, ಪ್ರಾಸ ಬೇಡ. ಬಂದ ಸಾಲುಗಳನ್ನು ಒಟ್ಟಿಗೆ ಓದಿದಾಗ ಮಕ್ಕಳು ತಾವೇ ಬೆರಗಾದರು. ಈ ಅನುಭವಗಳನ್ನು ಆಧರಿಸಿ 1970ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಅಮೆರಿಕದ ಶಾಲೆಗಳಲ್ಲಿ ಕವಿಗಳ ಕೆಲಸವನ್ನೇ ಬದಲಿಸಿತು. ಇದರ ಗುಟ್ಟು ಸರಳವಾದುದು: ಏನನ್ನು ಬರೆಯಬೇಕೆಂಬ ಆತಂಕವನ್ನು ಮಗುವಿನಿಂದ ಕಳೆದು, ಅದರ ಜಾಗದಲ್ಲಿ ಒಂದು ಆಟದ ನಿಯಮವನ್ನು ಇಡುವುದು.

ಆದರೆ ಈ ಕ್ರಮವನ್ನು ಇದ್ದಂತೆಯೇ ಕನ್ನಡಕ್ಕೆ ತರುವುದು ಸರಿಯಾಗದು. ಪ್ರಾಸಕ್ಕಾಗಿ ತಡಕಾಡುತ್ತ ಮಗು ತನ್ನ ಅನುಭವವನ್ನು ಬಿಟ್ಟುಕೊಡುತ್ತದೆ ಎಂಬುದು ಕೋಕ್ ಅವರ ಆಕ್ಷೇಪ. ಕನ್ನಡದ ಮಗುವಿಗೆ, ಅದರಲ್ಲೂ ಮೂಗೂರಿನಂಥ ಊರಿನ ಮಗುವಿಗೆ, ಪ್ರಾಸವು ಗಾದೆ, ಒಗಟು, ಕಣ್ಣಾಮುಚ್ಚಾಲೆಯ ಹಾಡು, ಸೋಬಾನೆಗಳಲ್ಲಿ ಹುಟ್ಟಿನಿಂದ ಕೇಳಿದ್ದಾಗಿರುತ್ತದೆ. ಕನ್ನಡದ ನಾಮಪದಗಳೂ ಕ್ರಿಯಾಪದಗಳೂ ಪ್ರತ್ಯಯಗಳಿಂದ, ಅಂದರೆ ಪದದ ಕೊನೆಗೆ ಸೇರುವ ಅಂಶಗಳಿಂದ, ಮುಗಿಯುವುದರಿಂದ ಅಂತ್ಯಪ್ರಾಸ ಇಲ್ಲಿ ಹುಡುಕದೆಯೇ ಒದಗಿಬರುತ್ತದೆ, ಇಂಗ್ಲಿಷಿನಲ್ಲಿರುವಷ್ಟು ಹೊರೆ ಅದಲ್ಲ. ಹೀಗಾಗಿ ಇಲ್ಲಿಗೆ ಬರುವ ಕವಿ ಪ್ರಾಸವನ್ನು ನಿಷೇಧಿಸುವ ಬದಲು ಒಗಟಿನ ಕಟ್ಟನ್ನು ಮಕ್ಕಳ ಕೈಗೆ ಕೊಡುವುದು ಮೇಲು: ವಸ್ತುವಿನ ಹೆಸರು ಹೇಳದೆ ಅದರ ಎರಡು ಮೂರು ಗುಣಗಳನ್ನು ಹೇಳಿ, ಉಳಿದವರಿಂದ ಹೆಸರನ್ನು ಹೊರಡಿಸುವುದು. ಇದು ಕವಿತೆಯ ಮೂಲ ವಿದ್ಯೆಯೂ ಹೌದು, ಹಳ್ಳಿಯ ಜಗಲಿಯ ಆಟವೂ ಹೌದು. ನೀಲಗಾರರ ಮಟ್ಟಿನಲ್ಲಿ ಸೊಲ್ಲೊಂದನ್ನು ಇಟ್ಟುಕೊಂಡು ಪ್ರತಿ ಮಗುವೂ ಒಂದೊಂದು ನುಡಿ ಸೇರಿಸುವುದು ಇನ್ನೊಂದು ದಾರಿ.

ಇದಕ್ಕೆ ಬೇಕಾದ ನೆಲ ಮೈಸೂರು ಜಿಲ್ಲೆಯಲ್ಲಿ ಆಗಲೇ ಸಿದ್ಧವಾಗಿದೆ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಹಾಡು, ಕಾರ್ಡು, ಆಟಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವಂತೆ ಮಾಡುವ ನಲಿ ಕಲಿ ಪದ್ಧತಿ 1995ರಲ್ಲಿ ಆರಂಭವಾದದ್ದು ಈ ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ, ಆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕ ಶಿಕ್ಷಕಿಯರೇ ಸೇರಿ ರೂಪಿಸಿದ ಆ ಪದ್ಧತಿ ಮುಂದೆ ರಾಜ್ಯದ ತುಂಬ ಹಬ್ಬಿತು. ಕಲಿಕಾ ಏಣಿ, ಮೈಲಿಗಲ್ಲುಗಳ ಲೆಕ್ಕ ತುಂಬುವ ಕೆಲಸ ಈಚೆಗೆ ಹಾಡಿನ ಹೊತ್ತನ್ನು ತಿನ್ನುತ್ತಿದೆ ಎಂಬ ದೂರು ಕೇಳಿಬರುತ್ತದಾದರೂ, ವೃತ್ತಾಕಾರವಾಗಿ ನೆಲದ ಮೇಲೆ ಕೂರುವ ಆ ಕೋಣೆಗಿಂತ ಕವಿಗೆ ಒಪ್ಪುವ ಜಾಗ ಬೇರೆ ಇಲ್ಲ. ಅಲ್ಲಿ ವೇದಿಕೆ ಇಲ್ಲ, ಮೈಕು ಬೇಡ, ಮೂವತ್ತು ಮಕ್ಕಳಿಗಿಂತ ಹೆಚ್ಚು ಹಿಡಿಸುವುದೂ ಇಲ್ಲ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ಎದುರಿಸಲೇಬೇಕು. ಮೂಗೂರು, ನಂಜನಗೂಡು ಕಡೆಯ ಮಾತಿಗೂ ಪಠ್ಯಪುಸ್ತಕದ ಶಿಷ್ಟ ಕನ್ನಡಕ್ಕೂ ಇರುವ ಅಂತರ ಕಡಿಮೆಯದಲ್ಲ. ಶಾಲೆಗೆ ಬಂದ ಮೊದಲ ವರ್ಷವೇ ಮಗುವಿಗೆ ತನ್ನ ಮನೆಯ ಮಾತು ತಪ್ಪೆಂಬ ತಿಳಿವಳಿಕೆ ಬಂದುಬಿಡುತ್ತದೆ. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ ಅವರು ಆ ಮಾತನ್ನೇ ‘ಒಡಲಾಳ’, ‘ಕುಸುಮಬಾಲೆ’ಗಳ ಭಾಷೆಯಾಗಿಸಿ, ಎರಡನೆಯ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರೆಂಬುದು ವಿಶ್ವವಿದ್ಯಾನಿಲಯಗಳಲ್ಲಿ ಚರ್ಚೆಯಾಗುತ್ತದೆ, ಅದೇ ಊರುಗಳ ಪ್ರಾಥಮಿಕ ಶಾಲೆಗೆ ಆ ಸುದ್ದಿ ಮುಟ್ಟಿಲ್ಲ. ಆ ಕೃತಿಗಳು ಚಿಕ್ಕ ಮಕ್ಕಳ ಓದಿಗಲ್ಲ, ಸರಿ. ಆದರೆ ಶಾಲೆಗೆ ಬರುವ ಬರಹಗಾರರು ಮಗು ‘ನಮ್ಮವ್ವ’ ಎಂದದ್ದನ್ನು ‘ನಮ್ಮ ತಾಯಿ’ ಎಂದು ತಿದ್ದದೆ ಕಪ್ಪು ಹಲಗೆಯ ಮೇಲೆ ಹಾಗೆಯೇ ಬರೆದರೆ, ಅದೊಂದರಿಂದಲೇ ಆ ದಿನದ ಅರ್ಧ ಕೆಲಸ ಆದಂತೆ.

ಇನ್ನು ಪುಸ್ತಕ. ಬರೆದದ್ದನ್ನು ಓದದ ಮಕ್ಕಳ ಮುಂದೆ ಬರೆದವರನ್ನು ನಿಲ್ಲಿಸುವುದು, ಊಟ ಬಡಿಸದೆ ಅಡುಗೆಯವರಿಗೆ ಸನ್ಮಾನ ಮಾಡಿದ ಹಾಗೆ. ಭೇಟಿಗೆ ಒಂದು ತಿಂಗಳ ಮೊದಲು ಆ ಲೇಖಕರ ಒಂದು ಪುಸ್ತಕದ ಹತ್ತಾರು ಪ್ರತಿಗಳು ತರಗತಿಯಲ್ಲಿ ಓಡಾಡಿ, ಮೂಲೆ ಮಡಿಸಿಕೊಂಡು, ಎಣ್ಣೆ ಜಿಡ್ಡು ಹತ್ತಿಸಿಕೊಂಡು, ಯಾವುದೋ ಪದ್ಯ ಕೆಲವರಿಗೆ ಬಾಯಿಗೆ ಬಂದು, ಯಾವುದೋ ಕತೆ ಕೆಲವರಿಗೆ ಹಿಡಿಸದೆ ಇದ್ದರೆ ಮಾತ್ರ ಪ್ರಶ್ನೆಗಳು ಹುಟ್ಟುತ್ತವೆ. ಆಯ್ಕೆಗೆ ಕೊರತೆಯಿಲ್ಲ. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯಿಂದ ಹಿಡಿದು, ಎಚ್. ಎಸ್. ವೆಂಕಟೇಶಮೂರ್ತಿಯವರ ಮಕ್ಕಳ ಕವಿತೆ ನಾಟಕಗಳು, ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕೊಡುತ್ತಿರುವ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದ ಬೊಳುವಾರು ಮಹಮದ್ ಕುಂಞಿ, ತಮ್ಮಣ್ಣ ಬೀಗಾರ, ವಿಜಯಶ್ರೀ ಹಾಲಾಡಿ, ಕೃಷ್ಣಮೂರ್ತಿ ಬಿಳಿಗೆರೆ ಮೊದಲಾದವರ ಕೃತಿಗಳವರೆಗೆ ಓದಬಹುದಾದದ್ದು ಬೇಕಾದಷ್ಟಿದೆ. 2020ರ ಮಕ್ಕಳ ದಿನಾಚರಣೆಯಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಆರರಿಂದ ಹದಿನೆಂಟು ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟಿದೆ. ಶಾಲೆಯೂ ಪಂಚಾಯಿತಿಯ ಗ್ರಂಥಪಾಲಕರೂ ಮಾತಾಡಿಕೊಂಡರೆ ಪ್ರತಿಗಳನ್ನು ಕೂಡಿಸುವುದು ಅಸಾಧ್ಯವಲ್ಲ. ದತ್ತಿಯ ಹಣವೂ ಇಲ್ಲಿಯೇ ಕೆಲಸಕ್ಕೆ ಬರಬೇಕು. ಬ್ಯಾಂಕಿನ ಬಡ್ಡಿ ಇಳಿದಂತೆ ಹಿಂದಿನ ದತ್ತಿಗಳ ಆದಾಯ ಶಾಮಿಯಾನ, ಹಾರ, ಸ್ಮರಣಿಕೆ, ಆಹ್ವಾನ ಪತ್ರಿಕೆಗೇ ಸಾಲದಾಗಿದೆ. ಅವುಗಳನ್ನು ಕೈಬಿಟ್ಟರೆ ಅದೇ ಬಡ್ಡಿಯಲ್ಲಿ ಲೇಖಕರ ಬಸ್ ಖರ್ಚೂ ಕೆಲವು ಪುಸ್ತಕಗಳೂ ಸಿಗುತ್ತವೆ. ದತ್ತಿ ಪತ್ರವನ್ನು ಬರೆಸುವಾಗಲೇ ‘ಉಪನ್ಯಾಸ ಮತ್ತು ಅದಕ್ಕೆ ಮುನ್ನ ಪುಸ್ತಕ’ ಎಂದು ಸೇರಿಸಲು ಯಾವ ನಿಯಮವೂ ಅಡ್ಡಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಉಳಿಯುತ್ತದೆ: ಹೆಸರಾಂತ ಸಾಹಿತಿಗಳು ಎಷ್ಟು ಹಳ್ಳಿಗಳ ಎಷ್ಟು ತರಗತಿಗಳಿಗೆ ಬರಲು ಸಾಧ್ಯ? ಬರಲಾಗದು, ಬರಬೇಕಾದ ಅಗತ್ಯವೂ ಇಲ್ಲ. ಪಂಜೆಯವರಿಂದ ಬೀಗಾರರವರೆಗೆ ಮಕ್ಕಳಿಗಾಗಿ ಬರೆದವರಲ್ಲಿ ಹೆಚ್ಚಿನವರು ಶಾಲೆಯ ನೌಕರಿಯಲ್ಲಿದ್ದವರೆಂಬ ಚರಿತ್ರೆ ಇಲ್ಲಿ ಮತ್ತೆ ಪ್ರಯೋಜನಕ್ಕೆ ಬರುತ್ತದೆ. ಪ್ರತಿ ತಾಲ್ಲೂಕಿನಲ್ಲಿಯೂ ಪದ್ಯ ಕಟ್ಟುವ, ಕತೆ ಬರೆಯುವ, ಕಂಸಾಳೆ ಬಲ್ಲ ಶಿಕ್ಷಕ ಶಿಕ್ಷಕಿಯರಿದ್ದಾರೆ; ಅವರ ಬರಹ ತಮ್ಮ ಶಾಲೆಯ ಗೋಡೆ ಪತ್ರಿಕೆಯನ್ನೋ ಜಿಲ್ಲಾ ಪತ್ರಿಕೆಯ ಭಾನುವಾರದ ಪುಟವನ್ನೋ ದಾಟುವುದು ಅಪರೂಪ. ಸ್ವಂತ ಶಾಲೆಯಲ್ಲಿ ಅವರು ಮೇಷ್ಟ್ರು, ಹತ್ತು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಕವಿ. ಹಲವು ಶಾಲೆಗಳನ್ನು ಒಂದು ಗುಂಪಾಗಿ ನೋಡಿಕೊಳ್ಳುವ ಸಿಆರ್‌ಪಿ, ಅಂದರೆ ಸಮೂಹ ಸಂಪನ್ಮೂಲ ವ್ಯಕ್ತಿಗಳು, ತಮ್ಮ ಸಮಾಲೋಚನಾ ಸಭೆಯಲ್ಲಿ ಇಂಥವರ ಪಟ್ಟಿಯನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಸಾಹಿತ್ಯ ಸಮ್ಮೇಳನಕ್ಕೆ ಹೋಗುವ ಶಿಕ್ಷಕರಿಗೆ ಅನ್ಯಕಾರ್ಯ ನಿಮಿತ್ತ ಎಂಬ ಸೌಲಭ್ಯ, ಕಚೇರಿಯ ಮಾತಿನಲ್ಲಿ ಓಓಡಿ, ದೊರೆಯುವ ಪದ್ಧತಿಯಿದೆ: ಆ ದಿನಗಳು ರಜೆಯಾಗಿ ಕಳೆಯದೆ ಕರ್ತವ್ಯವೆಂದೇ ದಾಖಲಾಗುತ್ತವೆ. ಸಮ್ಮೇಳನದ ಪೆಂಡಾಲಿನಲ್ಲಿ ಕೂರುವುದಕ್ಕೆ ಸಲ್ಲುವ ಆ ಸೌಲಭ್ಯವನ್ನು ವರ್ಷಕ್ಕೆ ಎರಡು ದಿನ ಪಕ್ಕದ ಹೋಬಳಿಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ನೆಲದ ಮೇಲೆ ಮಕ್ಕಳೊಂದಿಗೆ ಕೂರುವುದಕ್ಕೂ ವಿಸ್ತರಿಸಬೇಕೆಂದು ಪರಿಷತ್ತಿನ ತಾಲ್ಲೂಕು ಘಟಕಗಳು ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೇಳುವುದು ಸಾಧ್ಯ. ಅದಕ್ಕೆ ಹೊಸ ಅನುದಾನ ಬೇಡ, ಒಂದು ಆದೇಶ ಸಾಕು, ಮತ್ತು ಆ ಆದೇಶದಲ್ಲಿ ಭೇಟಿಯ ತಿಂಗಳು ನವೆಂಬರ್ ಆಗಿರಕೂಡದೆಂದು ನಮೂದಿಸಿದರೆ ಒಳ್ಳೆಯದು.